ತೀರ್ಪು ಒಬ್ಬರದು, ಶಿಕ್ಷೆ ಇನ್ನೊಬ್ಬರದು: ಇಂಗ್ಲೆಂಡಿನ ಕ್ರಿಮಿನಲ್ ನ್ಯಾಯಾಲಯಗಳ ಪರಿಚಯ

ದಿನಪತ್ರಿಕೆಯಲ್ಲಿ ‘ಕೊಲೆ ಪ್ರಕರಣ: ಇಂದು ತೀರ್ಪು’ ಎಂಬ ತಲೆಬರಹ ಕಂಡಾಗ ಓದುಗನು ಎರಡು ಸಂಗತಿಗಳನ್ನು ಒಟ್ಟಿಗೆ ನಿರೀಕ್ಷಿಸುತ್ತಾನೆ. ಕಟಕಟೆಯಲ್ಲಿ ನಿಂತವನು ತಪ್ಪಿತಸ್ಥನೇ ಅಲ್ಲವೇ ಎಂಬುದು ಒಂದು. ತಪ್ಪಿತಸ್ಥನಾದರೆ ಅವನಿಗೆ ಯಾವ ಶಿಕ್ಷೆ ಎಂಬುದು ಇನ್ನೊಂದು. ಕನ್ನಡದಲ್ಲಿ ‘ತೀರ್ಪು’ ಎಂಬ ಒಂದೇ ಮಾತು ಈ ಎರಡರ ಭಾರವನ್ನೂ ಹೊರುತ್ತದೆ. ಭಾರತದ ಮಟ್ಟಿಗೆ ಇದರಿಂದ ದೊಡ್ಡ ತೊಡಕೇನೂ ಇಲ್ಲ. ಎರಡನ್ನೂ ಹೇಳುವವರು ಒಬ್ಬರೇ ನ್ಯಾಯಾಧೀಶರು. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಅಲ್ಲಿ ಗಂಭೀರ ಅಪರಾಧದ ವಿಚಾರಣೆ ನಡೆದಾಗ ಮೊದಲನೆಯ ಮಾತನ್ನು ಹೇಳುವವರು ಬೀದಿಯಿಂದ ಕರೆತಂದಂತಹ ಹನ್ನೆರಡು ಮಂದಿ ಸಾಮಾನ್ಯರು. ಎರಡನೆಯದನ್ನು ಹೇಳುವವರು ಮಾತ್ರ ನ್ಯಾಯಾಧೀಶರು.

ಪ್ರೌಢಶಾಲೆಯ ಇಂಗ್ಲಿಷ್ ಪಾಠಗಳಲ್ಲಿ ನ್ಯಾಯಾಲಯದ ದೃಶ್ಯ ಬಂದಾಗ, ಅಥವಾ ಸಮಾಜ ವಿಜ್ಞಾನದಲ್ಲಿ ನ್ಯಾಯಾಂಗದ ಅಧ್ಯಾಯವನ್ನು ಬೋಧಿಸುವಾಗ, ‘ನ್ಯಾಯಾಧೀಶರು ಅವನನ್ನು ತಪ್ಪಿತಸ್ಥನೆಂದು ತೀರ್ಪಿತ್ತರು’ ಎಂದು ಅಧ್ಯಾಪಕರು ಸಹಜವಾಗಿ ವಿವರಿಸಿಬಿಡುವುದುಂಟು. ಇಂಗ್ಲೆಂಡಿನ ಕಥೆಯಾದರೆ ಆ ಒಂದು ವಾಕ್ಯದಿಂದ ಇಡೀ ವ್ಯವಸ್ಥೆಯ ಚಿತ್ರ ತಲೆಕೆಳಗಾಗುತ್ತದೆ. ಆದುದರಿಂದ ಈ ಲೇಖನದಲ್ಲಿ ತಪ್ಪಿತಸ್ಥನೇ ಅಲ್ಲವೇ ಎಂಬ ನಿರ್ಣಯಕ್ಕೆ ಮಾತ್ರ ‘ತೀರ್ಪು’ ಎಂಬ ಪದವನ್ನೂ, ಶಿಕ್ಷೆಯನ್ನು ವಿಧಿಸುವ ಆಜ್ಞೆಗೆ ‘ಶಿಕ್ಷಾದೇಶ’ ಎಂಬ ಪದವನ್ನೂ ಬಳಸಲಾಗಿದೆ. ಇನ್ನೂ ಒಂದು ಎಚ್ಚರಿಕೆ ಅಗತ್ಯ. ತೀರ್ಪು ಬರುವವರೆಗೆ ವ್ಯಕ್ತಿ ‘ಆರೋಪಿ’. ಬಂದ ಮೇಲಷ್ಟೇ ‘ಅಪರಾಧಿ’. ಪತ್ರಿಕೆಗಳೂ ದೂರದರ್ಶನವೂ ಈ ಗೆರೆಯನ್ನು ಅಳಿಸುತ್ತಲೇ ಇರುವುದರಿಂದ ತರಗತಿಯಲ್ಲಿ ಅದನ್ನು ಮತ್ತೆ ಮತ್ತೆ ಎಳೆಯಬೇಕಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಿಸಿದ್ದು. ಅವೆರಡೂ ಸೇರಿ ಒಂದೇ ನ್ಯಾಯವ್ಯಾಪ್ತಿ. ಸ್ಕಾಟ್ಲೆಂಡಿನ ಕಾನೂನೇ ಬೇರೆ. ಅಲ್ಲಿಯ ಜ್ಯೂರಿಯಲ್ಲಿ ಹದಿನೈದು ಮಂದಿ ಇರುತ್ತಾರೆ.

ಠಾಣೆಯಿಂದ ಕಟಕಟೆಗೆ

ಒಂದು ಕಲ್ಪಿತ ಪ್ರಕರಣವನ್ನು ಮುಂದಿಟ್ಟುಕೊಂಡರೆ ದಾರಿ ಸ್ಪಷ್ಟವಾಗುತ್ತದೆ. ಲೀಡ್ಸ್ ನಗರದ ಇಪ್ಪತ್ತೆರಡು ವಯಸ್ಸಿನ ಯುವಕನೊಬ್ಬ ಹಗಲಿನಲ್ಲಿ, ಯಾರೂ ಇಲ್ಲದ ಮನೆಯ ಹಿಂಬಾಗಿಲನ್ನು ಮುರಿದು ಲ್ಯಾಪ್‌ಟಾಪನ್ನೂ ಒಡವೆಗಳನ್ನೂ ಕದ್ದನೆಂಬುದು ಆರೋಪ. 1968ರ ಕಳವು ಕಾಯಿದೆಯ ಪ್ರಕಾರ ವಾಸದ ಮನೆಗೆ ಕನ್ನ ಹಾಕಿದವನಿಗೆ ಗರಿಷ್ಠ ಹದಿನಾಲ್ಕು ವರ್ಷಗಳ ಕಾರಾವಾಸ ವಿಧಿಸಬಹುದು.

ಬಂಧಿಸಿದ ಪೊಲೀಸರು ಅವನಿಗೆ ಮೊದಲು ಎಚ್ಚರಿಕೆಯ ಮಾತನ್ನು ಹೇಳಬೇಕು: ಅವನು ಏನನ್ನೂ ಹೇಳಬೇಕಾಗಿಲ್ಲ, ಆದರೆ ಮುಂದೆ ನ್ಯಾಯಾಲಯದಲ್ಲಿ ಆಧರಿಸುವ ಸಂಗತಿಯನ್ನು ಈಗ ಮುಚ್ಚಿಟ್ಟರೆ ಅದು ಅವನ ರಕ್ಷಣೆಗೆ ಹಾನಿ ತರಬಹುದು. ಈ ಎರಡನೆಯ ಭಾಗ ಸೇರಿದ್ದು 1994ರ ಕಾಯಿದೆಯಿಂದ. ಅದಕ್ಕೆ ಮುಂಚೆ ಮೌನದಿಂದ ಇಂತಹ ಅರ್ಥವನ್ನು ತೆಗೆಯುವಂತಿರಲಿಲ್ಲ. ಈಗಲೂ ಮೌನವೊಂದನ್ನೇ ಆಧರಿಸಿ ಯಾರನ್ನೂ ಅಪರಾಧಿಯೆಂದು ಹೇಳಲಾಗದು. ಠಾಣೆಯಲ್ಲಿ ಉಚಿತವಾಗಿ ವಕೀಲರ ಸಲಹೆ ಪಡೆಯುವ ಹಕ್ಕು ಅವನಿಗಿದೆ. 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯಿದೆ ಅದನ್ನು ಖಚಿತಪಡಿಸಿತು. ಆರೋಪ ಹೊರಿಸದೆ ಸಾಮಾನ್ಯವಾಗಿ ಇಪ್ಪತ್ತನಾಲ್ಕು ಗಂಟೆಗಳಿಗಿಂತ ಹೆಚ್ಚು ಕಾಲ ಅವನನ್ನು ಇಟ್ಟುಕೊಳ್ಳುವಂತಿಲ್ಲ. ಗಂಭೀರ ಅಪರಾಧವಾದರೆ ಹಿರಿಯ ಅಧಿಕಾರಿ ಮೂವತ್ತಾರು ಗಂಟೆಗಳವರೆಗೆ ವಿಸ್ತರಿಸಬಹುದು. ಆಚೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು.

ತನಿಖೆ ಪೊಲೀಸರದು. ಆದರೆ ಇಂತಹ ಪ್ರಕರಣದಲ್ಲಿ ಆರೋಪ ಹೊರಿಸಬೇಕೇ ಬೇಡವೇ ಎಂಬ ನಿರ್ಧಾರ ಅವರದಲ್ಲ. ಅದಕ್ಕೆಂದೇ ‘ಕ್ರೌನ್ ಪ್ರಾಸಿಕ್ಯೂಷನ್ ಸರ್ವಿಸ್’ ಎಂಬ ಸ್ವತಂತ್ರ ಅಭಿಯೋಜನಾ ಸಂಸ್ಥೆ 1986ರಲ್ಲಿ ಆರಂಭವಾಯಿತು. ಹಿಡಿದವರೇ ಮೊಕದ್ದಮೆಯನ್ನೂ ನಡೆಸಿದರೆ ತಮ್ಮ ಊಹೆಯ ಮೇಲೆ ತಮಗೇ ಮಮತೆ ಹುಟ್ಟುತ್ತದೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಅಭಿಯೋಜಕರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ. ಈ ಸಾಕ್ಷ್ಯದಿಂದ ಆರೋಪ ಸಾಬೀತಾಗುವ ವಾಸ್ತವಿಕ ಸಂಭವವಿದೆಯೇ? ಇದ್ದರೂ ಮೊಕದ್ದಮೆ ಹೂಡುವುದು ಸಾರ್ವಜನಿಕ ಹಿತಕ್ಕೆ ಅಗತ್ಯವೇ? ಮೊದಲನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಅಪರಾಧ ಎಷ್ಟೇ ಘೋರವಾಗಿದ್ದರೂ ಪ್ರಕರಣ ಅಲ್ಲಿಗೆ ನಿಲ್ಲುತ್ತದೆ.

ಸಂಬಳವಿಲ್ಲದ ನ್ಯಾಯದಾತರು

ಪ್ರತಿಯೊಂದು ಕ್ರಿಮಿನಲ್ ಮೊಕದ್ದಮೆಯೂ, ಕೊಲೆಯದೇ ಆಗಿರಲಿ, ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿಯೇ ಆರಂಭವಾಗುತ್ತದೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪ್ರಕರಣಗಳು ಅಲ್ಲಿಯೇ ಮುಗಿಯುತ್ತವೆ. ಹೀಗಿದ್ದರೂ ಪುಸ್ತಕಗಳಲ್ಲಿ, ಚಲನಚಿತ್ರಗಳಲ್ಲಿ ಈ ನ್ಯಾಯಾಲಯಕ್ಕೆ ಸಿಗುವ ಸ್ಥಾನ ಅತ್ಯಲ್ಪ.

ಭಾರತದ ಮ್ಯಾಜಿಸ್ಟ್ರೇಟರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿಯ ಮ್ಯಾಜಿಸ್ಟ್ರೇಟರನ್ನು ಕಲ್ಪಿಸಿಕೊಳ್ಳಬಾರದು. ಇಂಗ್ಲೆಂಡಿನ ಬಹುಪಾಲು ಮ್ಯಾಜಿಸ್ಟ್ರೇಟರು ಕಾನೂನು ಪದವೀಧರರಲ್ಲ, ಸಂಬಳ ಪಡೆಯುವವರೂ ಅಲ್ಲ. ಅಂಗಡಿಯವರು, ದಾದಿಯರು, ನಿವೃತ್ತ ಅಧ್ಯಾಪಕರು, ಬಸ್ ಚಾಲಕರು ಯಾರೇ ಆಗಲಿ ಅರ್ಜಿ ಹಾಕಿ, ಆಯ್ಕೆಯಾಗಿ, ತರಬೇತಿ ಪಡೆದು ಈ ಪೀಠದಲ್ಲಿ ಕುಳಿತುಕೊಳ್ಳಬಹುದು. ವರ್ಷಕ್ಕೆ ಕನಿಷ್ಠ ಹದಿಮೂರು ದಿನ ಕುಳಿತುಕೊಳ್ಳಬೇಕು. ಎಪ್ಪತ್ತೈದನೆಯ ವಯಸ್ಸಿಗೆ ನಿವೃತ್ತಿ. ‘ಶಾಂತಿಯ ನ್ಯಾಯಾಧಿಕಾರಿ’ ಎಂಬ ಅವರ ಹಳೆಯ ಬಿರುದು 1361ರ ಕಾಯಿದೆಯಷ್ಟು ಹಿಂದಿನದು. ವಿಚಾರಣೆಗೆ ಸಾಮಾನ್ಯವಾಗಿ ಮೂವರು ಒಟ್ಟಿಗೆ ಕೂರುತ್ತಾರೆ. ಅವರ ಮುಂದೆ ಕಾನೂನು ಸಲಹೆಗಾರರೊಬ್ಬರು ಇರುತ್ತಾರೆ. ಅವರು ಕಾನೂನನ್ನು ತಿಳಿಸುತ್ತಾರೆಯೇ ಹೊರತು ಯಾರನ್ನು ನಂಬಬೇಕೆಂದು ಹೇಳುವಂತಿಲ್ಲ. ದೊಡ್ಡ ನಗರಗಳಲ್ಲಿ ಕಾನೂನು ಬಲ್ಲ ಜಿಲ್ಲಾ ನ್ಯಾಯಾಧೀಶರು ಒಬ್ಬರೇ ಕುಳಿತು ಇದೇ ಕೆಲಸವನ್ನು ಮಾಡುವುದುಂಟು. ಈ ಮಟ್ಟದಲ್ಲಿ ತೀರ್ಪೂ ಶಿಕ್ಷಾದೇಶವೂ ಒಂದೇ ಪೀಠದಿಂದ ಬರುತ್ತವೆ ಎಂಬುದನ್ನು ಗಮನಿಸಬೇಕು.

ಅಪರಾಧಗಳಲ್ಲಿ ಮೂರು ವರ್ಗಗಳಿವೆ. ಚಿಕ್ಕ ಅಪರಾಧಗಳು ಇಲ್ಲಿಯೇ ತೀರುತ್ತವೆ. ಕೊಲೆ, ಅತ್ಯಾಚಾರ, ದರೋಡೆಗಳಂತಹವು ಮೇಲಿನ ಕ್ರೌನ್ ಕೋರ್ಟಿಗೇ ಹೋಗಬೇಕು. ನಡುವಿನ ವರ್ಗದವು ಎರಡೂ ಕಡೆ ನಡೆಯಬಹುದಾದವು. ಕಳವು, ಮೇಲೆ ಹೇಳಿದ ಕನ್ನಗಳವು ಈ ಗುಂಪಿಗೆ ಸೇರುತ್ತವೆ. ಆರೋಪಿ ತಪ್ಪೊಪ್ಪಿಕೊಳ್ಳದಿದ್ದರೆ ಪ್ರಕರಣದ ಗಾತ್ರವನ್ನು ನೋಡಿ ಮ್ಯಾಜಿಸ್ಟ್ರೇಟರು ಅದನ್ನು ತಾವೇ ಇಟ್ಟುಕೊಳ್ಳಬಹುದು ಅಥವಾ ಮೇಲಕ್ಕೆ ಕಳುಹಿಸಬಹುದು. ಅವರು ಇಟ್ಟುಕೊಳ್ಳಲು ಒಪ್ಪಿದರೂ ‘ನನಗೆ ಜ್ಯೂರಿಯೇ ಬೇಕು’ ಎಂದು ಕೇಳುವ ಹಕ್ಕು ಆರೋಪಿಗೆ ಬಹುಕಾಲದಿಂದ ಇದೆ.

ಈ ಹಕ್ಕು ಈಗ ವಿವಾದದ ವಸ್ತು. ಕ್ರೌನ್ ಕೋರ್ಟಿನಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರಕರಣಗಳು ಕಾಯುತ್ತಿದ್ದಾಗ, 2025ರ ಜುಲೈಯಲ್ಲಿ ಸರ್ ಬ್ರಿಯಾನ್ ಲೆವಿಸನ್ ಅವರ ಪರಿಶೀಲನಾ ವರದಿ ಕೆಳಮಟ್ಟದ ಕೆಲವು ಅಪರಾಧಗಳಲ್ಲಿ ಈ ಆಯ್ಕೆಯನ್ನು ತೆಗೆದುಹಾಕಬೇಕೆಂದೂ, ಇನ್ನು ಕೆಲವನ್ನು ಒಬ್ಬ ನ್ಯಾಯಾಧೀಶರು ಇಬ್ಬರು ಮ್ಯಾಜಿಸ್ಟ್ರೇಟರೊಂದಿಗೆ ಕುಳಿತು ವಿಚಾರಿಸಬೇಕೆಂದೂ ಶಿಫಾರಸು ಮಾಡಿತು. ವರ್ಷಗಟ್ಟಲೆ ಕಾಯುವ ಸಂತ್ರಸ್ತರಿಗೆ ಆಗುವ ಅನ್ಯಾಯವನ್ನು ಒಂದು ಪಕ್ಷ ತೋರಿಸುತ್ತದೆ. ವಿಳಂಬದ ಕಾರಣ ಜ್ಯೂರಿಯಲ್ಲ, ಹಣ ಮತ್ತು ಸಿಬ್ಬಂದಿಯ ಕೊರತೆ ಎಂದು ಇನ್ನೊಂದು ಪಕ್ಷ ಉತ್ತರಿಸುತ್ತದೆ. ಎರಡು ಮಾತಿನಲ್ಲಿಯೂ ಸತ್ಯವಿದೆ. ಆದರೆ ಒಮ್ಮೆ ಬಿಟ್ಟುಕೊಟ್ಟ ಹಕ್ಕು, ಕಡತಗಳ ರಾಶಿ ಕರಗಿದ ಮೇಲೆ ತಾನಾಗಿ ಮರಳಿ ಬರುವುದು ಅಪರೂಪ.

ಹನ್ನೆರಡು ಮಂದಿ

ಕ್ರೌನ್ ಕೋರ್ಟು ಹೆಸರಿಗೆ ಪುರಾತನವೆನಿಸಿದರೂ ಈಗಿನ ರೂಪಕ್ಕೆ ಬಂದದ್ದು 1972ರಲ್ಲಿ. ಲಂಡನ್ನಿನ ಪ್ರಸಿದ್ಧ ‘ಓಲ್ಡ್ ಬೇಲಿ’ಯೂ ಒಂದು ಕ್ರೌನ್ ಕೋರ್ಟೇ. ಅಲ್ಲಿ ಕೆಂಪು ಅಥವಾ ನೇರಳೆ ಬಣ್ಣದ ನಿಲುವಂಗಿ ತೊಟ್ಟು, ಕುದುರೆಕೂದಲಿನ ವಿಗ್ ಧರಿಸಿದ ನ್ಯಾಯಾಧೀಶರು ಎತ್ತರದ ಪೀಠದಲ್ಲಿರುತ್ತಾರೆ. ಅವರ ಕೈಯಲ್ಲಿ ಮರದ ಸುತ್ತಿಗೆ ಮಾತ್ರ ಇರುವುದಿಲ್ಲ. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ನ್ಯಾಯದ ಗುರುತಾಗಿ ಕಾಣುವ ಆ ಸುತ್ತಿಗೆ ಅಮೆರಿಕದ್ದು. ಇಂಗ್ಲೆಂಡಿನ ಕ್ರಿಮಿನಲ್ ನ್ಯಾಯಾಲಯಗಳು ಅದನ್ನು ಬಳಸುವುದಿಲ್ಲ.

ಒಂದು ಬದಿಯಲ್ಲಿ ಎರಡು ಸಾಲಾಗಿ ಹನ್ನೆರಡು ಮಂದಿ ಜ್ಯೂರಿಗಳು. ಮತದಾರರ ಪಟ್ಟಿಯಿಂದ ಚೀಟಿ ಎತ್ತಿದಂತೆ ಇವರನ್ನು ಆರಿಸಲಾಗುತ್ತದೆ. ವಯಸ್ಸು ಹದಿನೆಂಟರಿಂದ ಎಪ್ಪತ್ತೈದು. ಹಿಂದೆ ವಕೀಲರು, ನ್ಯಾಯಾಧೀಶರು, ಪೊಲೀಸರು ಜ್ಯೂರಿಯಲ್ಲಿ ಕೂರುವಂತಿರಲಿಲ್ಲ. 2003ರ ಕಾಯಿದೆಯ ಬಳಿಕ ಅವರಿಗೂ ಕರೆ ಬರಬಹುದು. ಪ್ರತಿಯೊಬ್ಬರೂ ತಮ್ಮ ಧರ್ಮಗ್ರಂಥದ ಮೇಲಾಗಲಿ, ಧರ್ಮದ ಹೆಸರಿಲ್ಲದ ಪ್ರತಿಜ್ಞೆಯಿಂದಾಗಲಿ ಪ್ರಮಾಣ ಸ್ವೀಕರಿಸುತ್ತಾರೆ.

ಜ್ಯೂರಿಗಳನ್ನು ‘ಪಂಚರು’ ಎಂದು ಅನುವಾದಿಸಲು ಮನಸ್ಸಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಶಾಲೆಗಳಲ್ಲಿ ಇದರಿಂದ ಗೊಂದಲವೇ ಆಗುತ್ತದೆ. ಅಲ್ಲಿಯ ಮಕ್ಕಳು ಕೇಳಿರುವ ‘ಪಂಚನಾಮೆ’ಯ ಪಂಚರು ಪೊಲೀಸರು ಮಹಜರು ಮಾಡುವಾಗ ಪಕ್ಕದಲ್ಲಿ ನಿಂತು ಸಹಿ ಹಾಕುವ ಸಾಕ್ಷಿಗಳು. ಜ್ಯೂರಿಯಾದರೋ ಸಾಕ್ಷಿಗಳನ್ನು ತೂಗುವವರು. ‘ಜ್ಯೂರಿ’ ಎಂಬ ಪದವನ್ನೇ ಉಳಿಸಿಕೊಳ್ಳುವುದು ಲೇಸು.

ವಿಚಾರಣೆಯ ಉದ್ದಕ್ಕೂ ಕೆಲಸ ಹಂಚಿಹೋಗಿರುತ್ತದೆ. ಯಾವ ಸಾಕ್ಷ್ಯವನ್ನು ಒಳಗೆ ಬಿಡಬಹುದು, ಕಾನೂನಿನ ಅರ್ಥವೇನು ಎಂಬುದು ನ್ಯಾಯಾಧೀಶರ ಪಾಲು. ನೆರೆಮನೆಯ ಮುದುಕಿ ಕಿಟಕಿಯಿಂದ ಕಂಡದ್ದು ಈ ಯುವಕನನ್ನೇ ಎಂಬುದನ್ನು ನಂಬಬೇಕೇ ಎಂಬುದು ಜ್ಯೂರಿಯ ಪಾಲು. ಕೊನೆಯಲ್ಲಿ ನ್ಯಾಯಾಧೀಶರು ಸಾಕ್ಷ್ಯವನ್ನು ಸಂಗ್ರಹಿಸಿ ಹೇಳಿ, ಆರೋಪ ನಿಜವೆಂದು ಖಾತರಿಯಾದರೆ ಮಾತ್ರ ‘ತಪ್ಪಿತಸ್ಥ’ ಎನ್ನಬೇಕೆಂದು ತಿಳಿಸುತ್ತಾರೆ. ‘ಮಾಡಿರಬಹುದು’ ಎಂಬ ಅನಿಸಿಕೆ ಸಾಲದು. ‘ಬಹುಶಃ ಮಾಡಿದ್ದಾನೆ’ ಎಂಬುದೂ ಸಾಲದು.

ಈ ಖಾತರಿಯ ಹೊಣೆ ಯಾರದು ಎಂಬುದು ಇತ್ಯರ್ಥವಾದದ್ದು ಒಬ್ಬ ಕೃಷಿ ಕೂಲಿಯ ಪ್ರಕರಣದಲ್ಲಿ. ರೆಜಿನಾಲ್ಡ್ ವುಲ್ಮಿಂಗ್ಟನ್ ಎಂಬ ಇಪ್ಪತ್ತೊಂದು ವರ್ಷದ ಯುವಕನ ಕೈಯಲ್ಲಿದ್ದ ಬಂದೂಕಿನಿಂದ ಗುಂಡು ಹಾರಿ ಅವನ ಹೆಂಡತಿ ಸತ್ತಳು. ಅದು ಆಕಸ್ಮಿಕವೆಂದು ಅವನ ವಾದ. ಗುಂಡು ಹಾರಿದ್ದು ಸಾಬೀತಾದ ಮೇಲೆ ಆಕಸ್ಮಿಕವೆಂಬುದನ್ನು ತೋರಿಸುವ ಭಾರ ಆರೋಪಿಯದೇ ಎಂದು ವಿಚಾರಣಾ ನ್ಯಾಯಾಧೀಶರು ಜ್ಯೂರಿಗೆ ಹೇಳಿದರು. ಮರಣದಂಡನೆಯಾಯಿತು. 1935ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ನಿರ್ಣಯವನ್ನು ರದ್ದುಪಡಿಸಿತು. ಆರೋಪವನ್ನು ಸಾಬೀತುಪಡಿಸುವ ಹೊಣೆ ಸದಾ ಅಭಿಯೋಜಕರದೇ ಎಂಬುದು ಇಂಗ್ಲೆಂಡಿನ ಕ್ರಿಮಿನಲ್ ಕಾನೂನಿನ ಉದ್ದಕ್ಕೂ ಹರಿದಿರುವ ಚಿನ್ನದ ಎಳೆ ಎಂದು ವೈಕೌಂಟ್ ಸ್ಯಾಂಕಿ ಹೇಳಿದ ಮಾತು ಆ ಪ್ರಕರಣದ್ದು. ನೇಣಿಗೆ ಹೋಗಬೇಕಿದ್ದವನು ಬಿಡುಗಡೆಯಾದನು.

ಜ್ಯೂರಿಗಳು ಗುಟ್ಟಾಗಿ ಚರ್ಚಿಸುತ್ತಾರೆ. ಎಲ್ಲರ ಒಮ್ಮತವೇ ಮೊದಲ ಗುರಿ. ಎರಡು ಗಂಟೆ ಹತ್ತು ನಿಮಿಷಗಳಾದರೂ ಕಳೆದ ಬಳಿಕ ಹನ್ನೊಂದಕ್ಕೆ ಒಂದು ಅಥವಾ ಹತ್ತಕ್ಕೆ ಎರಡರ ಬಹುಮತವನ್ನು ನ್ಯಾಯಾಧೀಶರು ಸ್ವೀಕರಿಸಬಹುದು. ಈ ರಿಯಾಯಿತಿ 1967ರದು. ಅಷ್ಟೂ ಸಿಗದಿದ್ದರೆ ಹೊಸ ಜ್ಯೂರಿಯ ಮುಂದೆ ಮರುವಿಚಾರಣೆ ನಡೆಯಬಹುದು. ತೀರ್ಪಿಗೆ ಅವರು ಕಾರಣ ಕೊಡುವುದಿಲ್ಲ. ಒಳಗೆ ನಡೆದ ಮಾತನ್ನು ಹೊರಗೆ ಹೇಳುವುದೇ ಅಪರಾಧ.

ಕಾರಣ ಕೇಳಬಾರದೆಂಬ ಈ ನಿಯಮದ ಹಿಂದೆ ಒಂದು ಹಸಿವಿನ ಕಥೆಯಿದೆ. 1670ರಲ್ಲಿ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಎಂಬ ಕ್ವೇಕರ್ ಪಂಥದವರು ಲಂಡನ್ನಿನ ಬೀದಿಯಲ್ಲಿ ಪ್ರವಚನ ಮಾಡಿದರೆಂದು ಮೊಕದ್ದಮೆ ನಡೆಯಿತು. ಜ್ಯೂರಿಗಳು ಅವರನ್ನು ತಪ್ಪಿತಸ್ಥರೆನ್ನಲು ಒಪ್ಪಲಿಲ್ಲ. ಅನ್ನ, ನೀರು, ಬೆಂಕಿ ಯಾವುದೂ ಇಲ್ಲದೆ ಅವರನ್ನು ಕೂಡಿಹಾಕಲಾಯಿತು. ಆದರೂ ಮಣಿಯಲಿಲ್ಲ. ದಂಡ ತೆರಲು ನಿರಾಕರಿಸಿ ಸೆರೆಮನೆ ಸೇರಿದ ಎಡ್ವರ್ಡ್ ಬುಶೆಲ್ ಎಂಬ ಜ್ಯೂರಿಯ ಅರ್ಜಿಯ ಮೇಲೆ ಮುಖ್ಯ ನ್ಯಾಯಾಧೀಶ ವಾನ್ ಅವರು, ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂದು ಹೇಳಿದರು. ಆ ಹನ್ನೆರಡು ಮಂದಿಯನ್ನು ಸ್ಮರಿಸುವ ಫಲಕ ಓಲ್ಡ್ ಬೇಲಿಯಲ್ಲಿ ಇಂದಿಗೂ ಇದೆ.

ಭಾರತದಲ್ಲಿಯೂ ಜ್ಯೂರಿ ಇತ್ತೆಂಬುದನ್ನು ಮಕ್ಕಳಿಗೆ ತಿಳಿಸಬಹುದು. 1959ರಲ್ಲಿ ಮುಂಬೈಯ ಸೆಷನ್ಸ್ ನ್ಯಾಯಾಲಯದಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಯವರನ್ನು ಜ್ಯೂರಿ ಎಂಟಕ್ಕೆ ಒಂದರಂತೆ ನಿರ್ದೋಷಿ ಎಂದಿತು. ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ ಅಪರಾಧಿ ಎಂದಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ.

ಇಬ್ಬಗೆಯ ವಕೀಲರು

ಇಂಗ್ಲೆಂಡಿನಲ್ಲಿ ವಕೀಲವೃತ್ತಿ ಇಂದಿಗೂ ಎರಡು ಕವಲು. ಠಾಣೆಗೆ ಬಂದು ಯುವಕನ ಪಕ್ಕದಲ್ಲಿ ಕುಳಿತವರು, ಕಾಗದಪತ್ರಗಳನ್ನು ಸಿದ್ಧಪಡಿಸಿದವರು, ಮನೆಯವರೊಡನೆ ಮಾತಾಡಿದವರು ಸಾಲಿಸಿಟರ್. ಕ್ರೌನ್ ಕೋರ್ಟಿನಲ್ಲಿ ವಿಗ್ ಧರಿಸಿ ಜ್ಯೂರಿಯ ಮುಂದೆ ವಾದಿಸಿದವರು ಬಹುಮಟ್ಟಿಗೆ ಬ್ಯಾರಿಸ್ಟರ್. ವಿಶೇಷ ಅರ್ಹತೆ ಪಡೆದ ಸಾಲಿಸಿಟರುಗಳೂ ಈಗ ಮೇಲಿನ ನ್ಯಾಯಾಲಯಗಳಲ್ಲಿ ವಾದಿಸಬಹುದಾದ್ದರಿಂದ ಗೆರೆ ಮೊದಲಿನಷ್ಟು ಗಟ್ಟಿಯಾಗಿಲ್ಲ. ಭಾರತದಲ್ಲಿ 1961ರ ವಕೀಲರ ಕಾಯಿದೆ ಎಲ್ಲರನ್ನೂ ‘ಅಡ್ವೊಕೇಟ್’ ಎಂಬ ಒಂದೇ ವರ್ಗದ ದಾರಿಗೆ ತಂದಿತು.

ಬ್ಯಾರಿಸ್ಟರ್ ಆಗಬೇಕಾದರೆ ಲಂಡನ್ನಿನ ನಾಲ್ಕು ‘ಇನ್’ಗಳಲ್ಲಿ ಒಂದಕ್ಕೆ ಸೇರಬೇಕು: ಇನ್ನರ್ ಟೆಂಪಲ್, ಮಿಡ್ಲ್ ಟೆಂಪಲ್, ಲಿಂಕನ್ಸ್ ಇನ್, ಗ್ರೇಸ್ ಇನ್. ಗಾಂಧೀಜಿಯವರು ಇನ್ನರ್ ಟೆಂಪಲ್ಲಿನಿಂದ 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು. ಅಂದಿನ ನಿಯಮದಂತೆ ಅವರು ಪರೀಕ್ಷೆ ಬರೆಯುವುದರ ಜೊತೆಗೆ ಅಲ್ಲಿಯ ಭೋಜನಗಳಿಗೂ ಹಾಜರಾಗಬೇಕಿತ್ತು. 1922ರಲ್ಲಿ ರಾಜದ್ರೋಹದ ಶಿಕ್ಷೆಯಾದ ಬಳಿಕ ಆ ಸಂಸ್ಥೆ ಅವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತು. ಮರಳಿ ಸೇರಿಸಿದ್ದು 1988ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷಗಳಾದ ಮೇಲೆ. ಡಾ. ಅಂಬೇಡ್ಕರ್ ಗ್ರೇಸ್ ಇನ್ನಿನವರು. ಕಾರ್ನೀಲಿಯಾ ಸೊರಾಬ್ಜಿ ಆಕ್ಸ್‌ಫರ್ಡಿನಲ್ಲಿ 1892ರಲ್ಲಿಯೇ ಕಾನೂನು ಪರೀಕ್ಷೆಗೆ ಕುಳಿತರೂ, ಹೆಂಗಸರಿಗೆ ವೃತ್ತಿಯ ಬಾಗಿಲು ತೆರೆದ 1919ರ ಕಾಯಿದೆಯವರೆಗೆ ಕಾಯಬೇಕಾಯಿತು. ಅದೇ ಕಾಯಿದೆಯಿಂದ ಹೆಂಗಸರು ಮ್ಯಾಜಿಸ್ಟ್ರೇಟರೂ ಜ್ಯೂರಿಗಳೂ ಆಗತೊಡಗಿದರು.

‘ತಪ್ಪು ಮಾಡಿದವನ ಪರವಾಗಿ ವಕೀಲರು ಹೇಗೆ ನಿಲ್ಲುತ್ತಾರೆ?’ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಇಂಗ್ಲೆಂಡಿನ ಬ್ಯಾರಿಸ್ಟರುಗಳ ಉತ್ತರ ಒಂದು ಬಾಡಿಗೆ ಬಂಡಿಯ ನಿಯಮದಲ್ಲಿದೆ. ನಿಲ್ದಾಣದ ಸರದಿಯಲ್ಲಿ ಮೊದಲು ನಿಂತ ಗಾಡಿಯವನು ಬಂದ ಪ್ರಯಾಣಿಕನನ್ನು ಹತ್ತಿಸಿಕೊಳ್ಳಲೇಬೇಕಾದಂತೆ, ತನ್ನ ಕ್ಷೇತ್ರದ ಕೆಲಸ ಬಂದಾಗ, ಸಮಯವೂ ತಕ್ಕ ಶುಲ್ಕವೂ ಇದ್ದಾಗ, ಕಕ್ಷಿದಾರ ಇಷ್ಟವಿಲ್ಲವೆಂದು ಬ್ಯಾರಿಸ್ಟರ್ ಹಿಂಜರಿಯುವಂತಿಲ್ಲ. ಊರೆಲ್ಲ ಹಳಿಯುವ ವ್ಯಕ್ತಿಗೂ ಹೀಗೆ ಒಬ್ಬ ವಾದಕನು ಸಿಗುತ್ತಾನೆ. ಆದರೆ ಸುಳ್ಳು ಹೇಳಲು ಪರವಾನಗಿಯಿಲ್ಲ. ‘ನಾನೇ ಮಾಡಿದೆ’ ಎಂದು ಕಕ್ಷಿದಾರ ತನ್ನ ಬ್ಯಾರಿಸ್ಟರಿಗೆ ಒಪ್ಪಿಕೊಂಡರೆ, ಅಭಿಯೋಜಕರ ಸಾಕ್ಷ್ಯ ಸಾಲದೆಂದು ಪಾಟೀಸವಾಲಿನಿಂದ ತೋರಿಸಬಹುದು. ‘ಅವನು ಆ ಹೊತ್ತಿಗೆ ಬೇರೆ ಊರಿನಲ್ಲಿದ್ದ’ ಎಂಬ ಕಥೆಯನ್ನು ಕಟ್ಟುವಂತಿಲ್ಲ. ಅತ್ತ ಅಭಿಯೋಜಕರೂ ಹೇಗಾದರೂ ಗೆಲ್ಲಬೇಕೆಂದು ಹೋರಾಡುವವರಲ್ಲ. ಆರೋಪಿಗೆ ಅನುಕೂಲವಾದ ಸಾಕ್ಷ್ಯ ತಮ್ಮ ಕಡತದಲ್ಲಿದ್ದರೆ ಅದನ್ನು ಎದುರುಪಕ್ಷಕ್ಕೆ ಕೊಡಲೇಬೇಕು.

ಶಿಕ್ಷೆಯ ಲೆಕ್ಕ

ಜ್ಯೂರಿ ‘ತಪ್ಪಿತಸ್ಥ’ ಎಂದೊಡನೆ ಅದರ ಕೆಲಸ ಮುಗಿಯಿತು. ಎಷ್ಟು ಶಿಕ್ಷೆ ಎಂಬುದರಲ್ಲಿ ಅದರ ಪಾತ್ರವಿಲ್ಲ. ಅಭಿಯೋಜಕರೂ ‘ಇಷ್ಟು ವರ್ಷ ಕೊಡಿ’ ಎಂದು ಪಟ್ಟು ಹಿಡಿಯುವುದಿಲ್ಲ. ಅನ್ವಯವಾಗುವ ಮಾರ್ಗಸೂಚಿಯನ್ನು ತೋರಿಸುತ್ತಾರೆ. 2022ರ ಜುಲೈಯಿಂದ ಕ್ರೌನ್ ಕೋರ್ಟಿನಲ್ಲಿ ದೂರದರ್ಶನದ ಕ್ಯಾಮರಾಗಳಿಗೆ ಅನುಮತಿ ಸಿಕ್ಕಿದೆ. ಅವು ಚಿತ್ರೀಕರಿಸಬಹುದಾದದ್ದು ನ್ಯಾಯಾಧೀಶರು ಶಿಕ್ಷಾದೇಶವನ್ನು ಓದುವುದನ್ನು ಮಾತ್ರ. ಸಾಕ್ಷಿಗಳನ್ನೂ ಜ್ಯೂರಿಯನ್ನೂ ತೋರಿಸುವಂತಿಲ್ಲ. ತೀರ್ಪು ಮೌನದಿಂದ ಬರುತ್ತದೆ, ಶಿಕ್ಷೆ ಕಾರಣಗಳೊಂದಿಗೆ ಬರುತ್ತದೆ ಎಂಬ ಭೇದ ಅಲ್ಲಿ ಕಣ್ಣಿಗೇ ಕಾಣುತ್ತದೆ.

2020ರ ಶಿಕ್ಷಾ ಕಾಯಿದೆ ಐದು ಉದ್ದೇಶಗಳನ್ನು ಹೇಳುತ್ತದೆ: ದಂಡನೆ, ಅಪರಾಧಗಳನ್ನು ತಗ್ಗಿಸುವುದು, ಅಪರಾಧಿಯ ಸುಧಾರಣೆ, ಸಾರ್ವಜನಿಕರ ರಕ್ಷಣೆ, ನೊಂದವರಿಗೆ ಪರಿಹಾರ. ಇವು ಒಂದಕ್ಕೊಂದು ಎದುರು ನಿಲ್ಲುವುದೂ ಉಂಟು. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಕಾಯಿದೆ ಹೇಳುವುದಿಲ್ಲ. ಆ ಕಷ್ಟವನ್ನು ಸ್ವಲ್ಪ ಹಗುರಗೊಳಿಸಲು 2010ರಿಂದ ಶಿಕ್ಷಾ ಮಂಡಳಿಯೊಂದು ಮಾರ್ಗಸೂಚಿಗಳನ್ನು ಪ್ರಕಟಿಸುತ್ತಿದೆ. ಅಪರಾಧಿಯ ಹೊಣೆಗಾರಿಕೆ ಎಷ್ಟು, ಆದ ಹಾನಿ ಎಷ್ಟು ಎಂದು ಮೊದಲು ನೋಡಬೇಕು; ಅದರಿಂದ ಒಂದು ಆರಂಭಬಿಂದು ಸಿಗುತ್ತದೆ. ಬಳಿಕ ಶಿಕ್ಷೆಯನ್ನು ಏರಿಸುವ, ಇಳಿಸುವ ಅಂಶಗಳು.

ಲೀಡ್ಸಿನ ಯುವಕನಿಗೆ ಮರಳಿದರೆ, ಮೊದಲೂ ಕಳವಿಗಾಗಿ ಶಿಕ್ಷೆಯಾಗಿದ್ದರೆ ಏರಿಕೆ. ಮನೆಯಲ್ಲಿ ಮಗುವೊಂದಿದ್ದು ಏಳುವಷ್ಟು ಗದ್ದಲವಾಗಿದ್ದರೆ ಏರಿಕೆ. ನಿಜವಾದ ಪಶ್ಚಾತ್ತಾಪ, ಚಿಕ್ಕ ವಯಸ್ಸು, ಮಾದಕ ವ್ಯಸನದಿಂದ ಹೊರಬರಲು ಆಗಲೇ ಕೈಗೊಂಡ ಚಿಕಿತ್ಸೆ ಇವು ಇಳಿಕೆ. ಮನೆಯ ಒಡತಿ ತನಗಾದ ನೋವನ್ನು ಬರೆದು ಸಲ್ಲಿಸಬಹುದು. ಹೋದ ಒಡವೆ ತೀರಿಹೋದ ತಾಯಿಯದು ಎಂಬ ಸಂಗತಿ ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ, ಆ ಬರಹದಲ್ಲಿ ಕಾಣುತ್ತದೆ.

ಆಮೇಲೆ ತಪ್ಪೊಪ್ಪಿಗೆಯ ರಿಯಾಯಿತಿ. ಲೆಕ್ಕ ಮೂವತ್ತು ತಿಂಗಳಿಗೆ ಬಂದು ನಿಂತಿತೆಂದು ಭಾವಿಸಿದರೆ, ಮೊದಲ ಹಾಜರಿಯಲ್ಲಿಯೇ ಒಪ್ಪಿಕೊಂಡವನಿಗೆ ಮೂರರಲ್ಲೊಂದು ಪಾಲು ಕಡಿತವಾಗಿ ಇಪ್ಪತ್ತು ತಿಂಗಳಾಗುತ್ತದೆ. ವಿಚಾರಣೆಯ ದಿನ ಒಪ್ಪಿಕೊಂಡವನಿಗೆ ಹತ್ತರಲ್ಲೊಂದು ಪಾಲು ಮಾತ್ರ, ಇಪ್ಪತ್ತೇಳು ತಿಂಗಳು. ಸಾಕ್ಷಿಗಳ ಕಷ್ಟವನ್ನೂ ನ್ಯಾಯಾಲಯದ ಸಮಯವನ್ನೂ ಉಳಿಸಿದ್ದಕ್ಕೆ ಈ ಕಡಿತ. ಗಣಿತದ ಅಧ್ಯಾಪಕರಿಗೆ ಇದು ಭಿನ್ನರಾಶಿಯ ಒಳ್ಳೆಯ ಲೆಕ್ಕವಾಗಬಹುದು. ಆದರೆ ಲೆಕ್ಕದ ಆಚೆ ಒಂದು ಕಸಿವಿಸಿಯೂ ಇದೆ: ಏಳು ತಿಂಗಳ ಸೆರೆವಾಸದ ಅಂತರ, ತಪ್ಪು ಮಾಡದವನನ್ನೂ ಬೆದರಿಸಿ ‘ಮಾಡಿದೆ’ ಎನ್ನಿಸಿಬಿಡಬಲ್ಲದು.

ಸೆರೆಮನೆಯೊಂದೇ ಶಿಕ್ಷೆಯಲ್ಲ. ಹೆಚ್ಚಿನವರಿಗೆ ಆಗುವುದು ಜುಲ್ಮಾನೆ. ಅದನ್ನು ಅಪರಾಧಿಯ ವಾರದ ಆದಾಯಕ್ಕೆ ಅನುಗುಣವಾಗಿ ಹಾಕುವುದರಿಂದ ಒಂದೇ ತಪ್ಪಿಗೆ ಬಡವನೂ ಸಿರಿವಂತನೂ ಬೇರೆ ಬೇರೆ ಮೊತ್ತವನ್ನು ತೆರುತ್ತಾರೆ. ಸಮುದಾಯ ಆದೇಶದಲ್ಲಿ ನಲವತ್ತರಿಂದ ಮುನ್ನೂರು ಗಂಟೆಗಳವರೆಗೆ ಸಂಬಳವಿಲ್ಲದ ದುಡಿಮೆಯನ್ನು ವಿಧಿಸಬಹುದು. ಕಾರಾವಾಸವನ್ನು ಅಮಾನತಿನಲ್ಲಿಡುವುದೂ ಇದೆ. ಕೊಲೆಗೆ ಮಾತ್ರ ಆಯ್ಕೆಯಿಲ್ಲ, ಜೀವಾವಧಿ ಶಿಕ್ಷೆಯೇ. ನ್ಯಾಯಾಧೀಶರು ಕನಿಷ್ಠ ಅವಧಿಯೊಂದನ್ನು ನಿಗದಿಪಡಿಸುತ್ತಾರೆ. ಅದು ಮುಗಿದ ಮೇಲೂ ಅಪಾಯವಿಲ್ಲವೆಂದು ಪೆರೋಲ್ ಮಂಡಳಿಗೆ ಮನವರಿಕೆಯಾದರಷ್ಟೇ ಬಿಡುಗಡೆ. ಅತ್ಯಂತ ಘೋರವಾದವುಗಳಲ್ಲಿ ಬಿಡುಗಡೆಯೇ ಇಲ್ಲದ ಆದೇಶವೂ ಆಗುವುದುಂಟು. ಇಂಗ್ಲೆಂಡಿನಲ್ಲಿ ಕಡೆಯ ಬಾರಿಗೆ ನೇಣು ಹಾಕಿದ್ದು 1964ರ ಆಗಸ್ಟ್ 13ರಂದು. ಮರುವರ್ಷವೇ ಕೊಲೆಗೆ ಮರಣದಂಡನೆ ನಿಂತಿತು.

ತಪ್ಪಾದಾಗ

ಕಾರಣ ಹೇಳದ ತೀರ್ಪಿನಲ್ಲಿ ತಪ್ಪಾದರೆ ಅದನ್ನು ಹಿಡಿಯುವುದು ಹೇಗೆ? ಈ ಪ್ರಶ್ನೆಯನ್ನು ಇಂಗ್ಲೆಂಡ್ ಬಹುಕಾಲ ಬದಿಗಿಟ್ಟಿತ್ತು. ಅದನ್ನು ಎದುರಿಸುವಂತ ಮಾಡಿದವರಲ್ಲಿ ಒಬ್ಬರ ತಂದೆ ಮುಂಬೈ ಮೂಲದ ಪಾರ್ಸಿ. ಶಾಪುರ್ಜಿ ಎಡಲ್ಜಿ ಕ್ರೈಸ್ತ ಪಾದ್ರಿಯಾಗಿ ಸ್ಟಾಫರ್ಡ್‌ಶೈರಿನ ಗ್ರೇಟ್ ವೈರ್ಲಿ ಎಂಬ ಹಳ್ಳಿಯಲ್ಲಿ ನೆಲೆಸಿದ್ದರು. ಮಗ ಜಾರ್ಜ್ ಬರ್ಮಿಂಗ್‌ಹ್ಯಾಮಿನಲ್ಲಿ ಸಾಲಿಸಿಟರ್. ಆ ಹಳ್ಳಿಯಲ್ಲಿ ರಾತ್ರಿಹೊತ್ತು ದನ, ಕುದುರೆಗಳನ್ನು ಇರಿಯುತ್ತಿದ್ದವರು ಯಾರೆಂದು ತಿಳಿಯದೆ, ಕುಟುಂಬದ ವಿರುದ್ಧ ಮೊದಲೇ ಇದ್ದ ಅನಾಮಧೇಯ ಪತ್ರಗಳ ಹಗೆತನದ ನಡುವೆ, 1903ರಲ್ಲಿ ಜಾರ್ಜ್ ಎಡಲ್ಜಿಯನ್ನು ಹಿಡಿಯಲಾಯಿತು. ಏಳು ವರ್ಷ ಕಠಿಣ ಸಜೆ. ಮೂರು ವರ್ಷಗಳಾದ ಮೇಲೆ ಬಿಡುಗಡೆಯಾಯಿತು, ಆದರೆ ಅಪರಾಧಿಯೆಂಬ ಹೆಸರು ಉಳಿಯಿತು. ಷರ್ಲಾಕ್ ಹೋಮ್ಸ್ ಕಥೆಗಳ ಕರ್ತೃ ಆರ್ಥರ್ ಕಾನನ್ ಡಾಯ್ಲ್ ವಿಷಯವನ್ನು ಕೈಗೆತ್ತಿಕೊಂಡರು. ವೃತ್ತಪತ್ರಿಕೆಯನ್ನು ಮುಖಕ್ಕೆ ಹತ್ತಿರ ಹಿಡಿದು ಓದುವ ಈ ಮನುಷ್ಯನ ದೃಷ್ಟಿ ಕತ್ತಲಲ್ಲಿ ಹೊಲ ದಾಟುವಷ್ಟು ಚುರುಕಾಗಿರಲು ಸಾಧ್ಯವೇ ಎಂಬುದು ಅವರ ಮೊದಲ ಪ್ರಶ್ನೆ. 1907ರಲ್ಲಿ ಸರ್ಕಾರ ಕ್ಷಮಾದಾನವನ್ನಿತ್ತಿತು, ಪರಿಹಾರ ಕೊಡಲಿಲ್ಲ. ಗುರುತು ಹಿಡಿಯುವಲ್ಲಿ ತಪ್ಪಾಗಿ ಎರಡು ಬಾರಿ ಅಪರಾಧಿಯಾದ ಅಡಾಲ್ಫ್ ಬೆಕ್ ಎಂಬವರ ಪ್ರಕರಣವೂ ಆಗಲೇ ಜನರ ಮನಸ್ಸನ್ನು ಕಲಕಿತ್ತು. ಅದೇ 1907ರಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯವನ್ನು ಸ್ಥಾಪಿಸುವ ಕಾಯಿದೆ ಬಂದಿತು.

ಈಗ ಮ್ಯಾಜಿಸ್ಟ್ರೇಟರ ನಿರ್ಣಯದ ಮೇಲೆ ಕ್ರೌನ್ ಕೋರ್ಟಿಗೂ, ಕ್ರೌನ್ ಕೋರ್ಟಿನಿಂದ ಅನುಮತಿ ಪಡೆದು ಮೇಲ್ಮನವಿ ನ್ಯಾಯಾಲಯಕ್ಕೂ ಹೋಗಬಹುದು. ಕೆಲವು ಗಂಭೀರ ಅಪರಾಧಗಳಲ್ಲಿ ಶಿಕ್ಷೆ ತೀರಾ ಹಗುರವಾಯಿತೆಂದು ಸರ್ಕಾರದ ಅಟಾರ್ನಿ ಜನರಲ್ಲರೂ ಪ್ರಕರಣವನ್ನು ಅಲ್ಲಿಗೆ ಒಯ್ಯಬಹುದು. ಮೇಲ್ಮನವಿಯೂ ಸೋತವರಿಗಾಗಿ 1997ರಿಂದ ಮರುಪರಿಶೀಲನಾ ಆಯೋಗವಿದೆ. ಬಾಂಬ್ ಸ್ಫೋಟದ ಆರೋಪದಲ್ಲಿ ಹದಿನಾರು ವರ್ಷ ಸೆರೆಯಲ್ಲಿದ್ದ ಬರ್ಮಿಂಗ್‌ಹ್ಯಾಮಿನ ಆರು ಮಂದಿ 1991ರಲ್ಲಿ ನಿರ್ದೋಷಿಗಳಾಗಿ ಹೊರಬಂದುದು ಅದರ ಸ್ಥಾಪನೆಗೆ ಒಂದು ಕಾರಣ.

ಕಟಕಟೆಯ ಭಾಷೆ

ಗಡಿಯಾಚೆಯ ಕನ್ನಡ ಶಾಲೆಗಳ ಅಧ್ಯಾಪಕರಿಗೆ ಈ ವ್ಯವಸ್ಥೆಯ ಇನ್ನೊಂದು ಮುಖ ಬೇಗನೆ ಅರ್ಥವಾದೀತು. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿಯೇ ಶತಮಾನಗಳ ಕಾಲ ಇಂಗ್ಲಿಷ್ ಇರಲಿಲ್ಲ. ನಾರ್ಮನ್ನರ ಆಳ್ವಿಕೆಯ ಬಳಿಕ ವಾದ ಫ್ರೆಂಚಿನಲ್ಲಿ, ದಾಖಲೆ ಲ್ಯಾಟಿನ್ನಿನಲ್ಲಿ. ತನ್ನ ಪರವಾಗಿ, ವಿರುದ್ಧವಾಗಿ ಏನು ಹೇಳುತ್ತಿದ್ದಾರೆಂಬುದು ಕಕ್ಷಿದಾರನಿಗೇ ತಿಳಿಯದು ಎಂಬ ಕಾರಣವನ್ನು ಹೇಳಿ, ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂದು 1362ರಲ್ಲಿ ಕಾಯಿದೆ ಮಾಡಲಾಯಿತು. ದಾಖಲೆಗಳು ಪೂರ್ಣವಾಗಿ ಇಂಗ್ಲಿಷಿಗೆ ಬಂದದ್ದು 1733ರಲ್ಲಿ.

ತನ್ನ ನುಡಿಗಾಗಿ ಇಷ್ಟು ಕಾದ ದೇಶವೇ ನೆರೆಯ ವೇಲ್ಸಿನ ಮೇಲೆ ಇಂಗ್ಲಿಷನ್ನು ಹೇರಿತ್ತು. ಎಂಟನೆಯ ಹೆನ್ರಿಯ ಕಾಲದ 1536ರ ಕಾಯಿದೆ ಅಲ್ಲಿಯ ನ್ಯಾಯಾಲಯಗಳಿಗೆ ಇಂಗ್ಲಿಷೊಂದನ್ನೇ ಭಾಷೆಯಾಗಿಸಿತು. 1942ರಲ್ಲಿ, ಇಂಗ್ಲಿಷಿನಲ್ಲಿ ಮಾತಾಡಬೇಕಾದರೆ ತೊಂದರೆಯಾಗುವವರಿಗೆ ವೆಲ್ಷ್ ಬಳಸಲು ಅವಕಾಶ ಸಿಕ್ಕಿತು. ಇಂಗ್ಲಿಷ್ ಬಲ್ಲವರೂ ಮುಂಚಿತವಾಗಿ ತಿಳಿಸಿ ವೆಲ್ಷಿನಲ್ಲಿ ಮಾತಾಡಬಹುದೆಂದು 1967ರ ಕಾಯಿದೆ ಹೇಳಿತು. 1993ರ ಕಾಯಿದೆ ಆ ಹಕ್ಕನ್ನು ಇನ್ನಷ್ಟು ವಿಸ್ತರಿಸಿತು. ಇಂಗ್ಲಿಷ್ ತಿಳಿಯದ ಯಾವುದೇ ದೇಶದ ಆರೋಪಿಗೂ ಇಂದು ದುಭಾಷಿಯ ನೆರವು ಉಚಿತ.

ಹೀಗೆ ಕಾರ್ನಾರ್ವನ್ ಪಟ್ಟಣದ ಕ್ರೌನ್ ಕೋರ್ಟಿನಲ್ಲಿ ಆರೋಪಿ, ಸಾಕ್ಷಿ, ವಕೀಲ, ನ್ಯಾಯಾಧೀಶ ಎಲ್ಲರೂ ವೆಲ್ಷಿನಲ್ಲಿ ಮಾತಾಡಬಹುದು. ಜ್ಯೂರಿಯ ವಿಷಯದಲ್ಲಿ ಮಾತ್ರ ನಿಯಮ ಬದಲಾಗಿಲ್ಲ. ಚೀಟಿ ಎತ್ತಿದಂತೆ ಆರಿಸುವಾಗ ಭಾಷೆಯನ್ನು ನೋಡುವಂತಿಲ್ಲ ಎಂಬ ಕಾರಣಕ್ಕೆ ವೆಲ್ಷ್ ಬಲ್ಲವರ ಜ್ಯೂರಿಯನ್ನು ರಚಿಸಲು ಅವಕಾಶವಿಲ್ಲ. ಆದರೆ ಇಂಗ್ಲಿಷ್ ಸಾಕಷ್ಟು ತಿಳಿಯದ ಜ್ಯೂರಿಯನ್ನು ನ್ಯಾಯಾಧೀಶರು ಬಿಡುಗಡೆ ಮಾಡಬಹುದೆಂಬ 1974ರ ಕಾಯಿದೆಯ ನಿಯಮ ವೇಲ್ಸಿಗೂ ಅನ್ವಯಿಸುತ್ತದೆ. ಆದುದರಿಂದ ಅಲ್ಲಿ ತಾಯ್ನುಡಿಯಲ್ಲಿ ಸಾಕ್ಷ್ಯ ನುಡಿದ ಮುದುಕಿಯ ಮಾತನ್ನು ನ್ಯಾಯಾಧೀಶರು ನೇರವಾಗಿ ಕೇಳುತ್ತಾರೆ. ಅವಳನ್ನು ನಂಬಬೇಕೇ ಬೇಡವೇ ಎಂದು ನಿರ್ಣಯಿಸುವ ಹನ್ನೆರಡು ಮಂದಿಯಲ್ಲಿ ಹಲವರು ಅದನ್ನು ದುಭಾಷಿಯ ಧ್ವನಿಯಲ್ಲಿ, ಕಿವಿಗೆ ಹಾಕಿಕೊಂಡ ಯಂತ್ರದ ಮೂಲಕ ಕೇಳುತ್ತಾರೆ.